ಎರಡು ಕುದಿ

ಶನಿವಾರ ಸಂಜೆ ಒಣದ್ರಾಕ್ಷಿ ನೆನೆಹಾಕಿ
ಹಿಂಡಿ, ಸೋಸಿ,
ನಾಲ್ಕು ಲವಂಗ ಹಾಕಿ ಕುದಿಸುತ್ತೇನೆ.
ಉಪ್ಪಳದ ಸೆಕೆಗೆ ಒಂದೇ ರಾತ್ರಿಯಲ್ಲಿ
ತನ್ನಷ್ಟಕ್ಕೆ ನೊರೆಯೆತ್ತೀತು;
ಅದಕ್ಕೇ ಭಾನುವಾರ ಬೆಳಗ್ಗೆ ಇನ್ನೊಂದು ಕುದಿ.
ಕರ್ತನ ಬಟ್ಟಲು ಹುಳಿಯಬಾರದೆಂದು
ಹಿರಿಯರ ಸಭೆಯ ನಿರ್ಣಯ, ನನ್ನ ಅತ್ತೆಯ ಕಾಲದ್ದು.

ಸಭಾಪುಸ್ತಕದ ಹಳೇ ಹಾಳೆಯಲ್ಲಿ
ಮುತ್ತಜ್ಜನ ಹೆಸರು ಎರಡು ಬಾರಿ ಇದೆ.
ಒಮ್ಮೆ ದೀಕ್ಷಾಸ್ನಾನಕ್ಕೆ: ಕಾಂತು ಹೋಗಿ ನಥಾನಿಯೇಲ.
ಕೆಳಗೆ, ಅದೇ ಶಾಯಿಯಲ್ಲಿ:
ಮೂರ್ತೆಯ ಕತ್ತಿ ಒಂದು, ಹಗ್ಗ ಒಂದು, ಒಪ್ಪಿಸಿದ್ದಾನೆ.
ಹನ್ನೊಂದು ತೆಂಗು ಅವನನ್ನು ಕೇಳಿದವೋ ಇಲ್ಲವೋ
ಬರೆದಿಲ್ಲ.
ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದ.
ಕಾಲಿಗೆ ಮಾತ್ರ ಮರ ಮರೆಯಲಿಲ್ಲವಂತೆ,
ನಿದ್ದೆಯಲ್ಲಿ ಗೋಡೆ ಹತ್ತುತ್ತಿದ್ದನಂತೆ.

ಅವನ ಹೆಂಡತಿ ಯೆಮೀಮ
ಕ್ರಿಸ್‌ಮಸ್ಸಿನ ಹಿಂದಿನ ದಿನ ಸೆರಗಲ್ಲಿ ಚೊಂಬು ಮುಚ್ಚಿ
ಗಡಂಗಿನ ಹಿಂಬಾಗಿಲಿಗೆ ಹೋಗುವಳು.
ಅಪ್ಪದ ಹಿಟ್ಟು ಏಳಬೇಕಲ್ಲ!
ಕುಡಿದದ್ದು ಹಿಟ್ಟು, ನಾನಲ್ಲ, ಅನ್ನುವಳಂತೆ.
ಆಯರು ಆರು ಅಪ್ಪ ತಿಂದರು;
ಯಾವ ಮರದ್ದೆಂದು ಕೇಳಲಿಲ್ಲ.

ಇವತ್ತು ಲೆಂತು ಕಾಲದ ಮೂರನೇ ಭಾನುವಾರ.
ಮದ್ಯ ಮುಟ್ಟೆನೆಂಬವರು ಬಲಗೈ ಎತ್ತಿ
ಎಂದರು ಈಗಿನ ಆಯರು, ಹೊಸಬರು.
ಎದ್ದವು ಕೈಗಳು, ಫ್ಯಾನಿನ ಗಾಳಿಗೆ
ತೋಳಿನ ಬಟ್ಟೆ ಪಟಪಟ ಬಡಿಯಿತು.
ಒಂದನೇ ತಾರೀಕು ಇಲ್ಲಿ ಅಂಗಡಿ ಮುಚ್ಚಿದರೆ
ತಲಪಾಡಿ ದಾಟುವ ಸ್ಕೂಟರುಗಳ ನಂಬರು
ಬಸ್ಸಿಗೆ ಕಾಯುವ ನನಗೆ ಬಾಯಿಪಾಠ.
ಅವುಗಳ ಧಣಿಗಳ ಕೈಯೇ
ಎಲ್ಲಕ್ಕಿಂತ ಎತ್ತರ.

ನನ್ನ ತಮ್ಮ ಎಬನೇಜರ
ದೇರಳಕಟ್ಟೆಯ ವಾರ್ಡಿನಿಂದ ಬಂದು ಎಂಟು ತಿಂಗಳು,
ಒಂದು ತೊಟ್ಟು ಮುಟ್ಟಿಲ್ಲ.
ಅವನು ಎತ್ತಲಿಲ್ಲ.
ಅಂಗೈ ಎರಡೂ ತೊಡೆಯ ಕೆಳಗಿಟ್ಟು ಕೂತ.
ಮುಂದಿನ ಬೆಂಚುಗಳು ತಿರುಗಿ ನೋಡಿದವು.

ಆಮೇಲೆ ಮೆಟ್ಟಿಲ ಮೇಲೆ, ಚಪ್ಪಲಿ ಹುಡುಕುತ್ತ, ಅಂದ:
ಇವತ್ತು ಇಲ್ಲ, ಅಷ್ಟು ಗೊತ್ತು.
ನಾಳೆಯ ಕೈ ನನ್ನ ಹತ್ತಿರ ಇಲ್ಲ ಅಕ್ಕ,
ಇಲ್ಲದ್ದನ್ನು ಎತ್ತುವುದು ಹೇಗೆ?

ಅದಕ್ಕೂ ಮುಂಚೆ, ಭೋಜನದ ಹೊತ್ತಿಗೆ,
ಸಾಲಿನ ಕೊನೆಯಲ್ಲಿ ಮೊಣಕಾಲೂರಿದ್ದ.
ಬೆರಳಗಲದ ಗಾಜಿನ ಲೋಟ
ಮೂಗಿನ ಹತ್ತಿರ ತಂದು ತಡೆದ.
ಕಂಬದ ಪಕ್ಕ ನಿಂತಿದ್ದ ನನ್ನನ್ನು ಹುಡುಕಿದ.
ನಾನು ಎರಡು ಬೆರಳು ಎತ್ತಿದೆ:
ಎರಡು ಕುದಿ.
ಕುಡಿದ.