ಉಳಿದ ಕಡ್ಡಿ

ಅಣಬೆಗೆ ಭತ್ತದ ಹುಲ್ಲೇ ಬೇಕಂತೆ.
ಶಿಡ್ಲಘಟ್ಟದಲ್ಲಿ ಎಲ್ಲಿಂದ ತರಲಿ?
ರಾಗಿ ಹುಲ್ಲಿಗೆ ಕೈ ಹಾಕಿದರೆ
ಹಗ್ಗದ ತುದಿಯಿಂದ ಹಸು ನೋಡುತ್ತದೆ
ಲೆಕ್ಕ ಇಟ್ಟವಳ ಹಾಗೆ.

ಉಳಿದದ್ದು ಹಿಪ್ಪುನೇರಳೆ ಕಡ್ಡಿ,
ಎಲೆಯಷ್ಟೇ ತಿಂದು ಹುಳು ಬಿಟ್ಟ ಎಂಜಲು.
ಬೆರಳುದ್ದ ಕೊಚ್ಚಿ
ಜೈತೂನ್‌ಬಿಯ ಗೂಡು ಬೇಯಿಸುವ ಹಂಡೆಯಲ್ಲಿ ಕುದಿಸಿ
ಹಿಂಡಿ ನೋಡಿದೆ:
ಅಂಗೈ ಒದ್ದೆಯಾಗಬೇಕು, ಹನಿ ಬೀಳಬಾರದು.

"ಮನೆಗೆ ಬೂಷ್ಟು ತರ್ತೀಯಾ?" ಅಂದಳು ನಾದಿನಿ ಪಿಳ್ಳಮ್ಮ.
ಅವಳದೂ ಸರಿಯೇ.
ಸುಣ್ಣಕಟ್ಟು ಬಂದ ವರ್ಷ
ನಾಲ್ಕನೇ ಜ್ವರ ಎದ್ದ ಹುಳುಗಳು
ಸೀಮೆಸುಣ್ಣದ ತುಂಡಾಗಿ ಬಿದ್ದಿದ್ದವು ತಟ್ಟೆ ತುಂಬ.
ನೂರು ಮೊಟ್ಟೆ. ಗುಂಡಿ ತೋಡಿ ಸುರಿದೆವು.
ಅಂದಿನಿಂದ ಬ್ಲೀಚಿಂಗ್ ಪುಡಿ ಬಳಿದೂ ಬಳಿದೂ
ಅಂಗೈಯ ಗೆರೆ ಸವೆದಿದೆ.

ಹಾಗಾಗಿ ಚೀಲಗಳು ಹುಳುಮನೆಯಿಂದ ದೂರ,
ಬೀದಿಯಾಚೆ ಜೈತೂನ್‌ಬಿಯ ಬಚ್ಚಲ ಪಕ್ಕದ ಕೋಣೆಯಲ್ಲಿ.
ಬಾಡಿಗೆ: ಮೊದಲ ಕೊಯ್ಲಿನ ಅರ್ಧ.

ಹದಿನಾರನೇ ದಿನ ಇಣುಕಿದೆ.
ಕಡ್ಡಿಯಿಂದ ಕಡ್ಡಿಗೆ ಬಿಳಿ ಎಳೆ.
ಕೈ ತಾನಾಗಿ ಬಕೆಟ್ಟಿನತ್ತ ಹೋಯಿತು,
ಪುಡಿ ಎರಚಲು.
ಜೈತೂನ್‌ಬಿ ಮಣಿಕಟ್ಟು ಹಿಡಿದಳು:
"ನೂಲು ಕಣೇ ಅದು.
ಗೂಡು ಬಿಚ್ಚೋಳು ನಾನು, ನನಗೆ ಗೊತ್ತಾಗಲ್ವಾ?"

ಬಕೆಟ್ಟು ಹೊರಗಿಟ್ಟೆ.
ಬಾಗಿಲು ಮಾತ್ರ
ಎರಡು ಸಲ ಎಳೆದು ನೋಡಿದೆ.