ಮೂರನೆಯದೋ, ನಾಲ್ಕನೆಯದೋ

ಮೂರನೇ ಸೆಮಿಸ್ಟರ್, ಪತ್ರಿಕೆ ಐದು:
ಇತಿಹಾಸ ಬೋಧನೆಯಲ್ಲಿ ತಂತ್ರಜ್ಞಾನ.
ಕೊನೆಯ ಅಸೈನ್‌ಮೆಂಟು, ಇಪ್ಪತ್ತು ಅಂಕ:
ಕಲಿತದ್ದನ್ನು ಹಿಂದಿರುಗಿ ನೋಡಿ, ಬರೆಯಿರಿ.

ನಲವತ್ತೊಂದಕ್ಕೆ ಮತ್ತೆ ವಿದ್ಯಾರ್ಥಿನಿ ನಾನು.
ವಾರವೆಲ್ಲ ನವನಗರದ ಹೈಸ್ಕೂಲು,
ಚಾಲುಕ್ಯರು, ಹಾಜರಿ, ಬಿಸಿಯೂಟದ ಲೆಕ್ಕ.
ಭಾನುವಾರ ಕೊನೆಯ ಬೆಂಚು,
ಪಕ್ಕದಲ್ಲಿ ನನ್ನದೇ ಹಳೆಯ ಶಿಷ್ಯೆ ಸುನಂದಾ ಇಟಗಿ.
ಪಾಸ್‌ವರ್ಡು ಮರೆತಾಗೆಲ್ಲ ಅವಳೇ ನನಗೆ ಗುರು.

ಮುಚಖಂಡಿ ಸರ್ ಹೇಳಿದ್ದರು:
ಉಪಕರಣ ಮೊದಲಲ್ಲ, ಪ್ರಶ್ನೆ ಮೊದಲು.
ಬರೆದುಕೊಂಡೆ, ಅಡಿಗೆರೆ ಎಳೆದೆ,
ಮರುದಿನ ಉಪಕರಣವನ್ನೇ ಹೊತ್ತು ತರಗತಿಗೆ ಹೋದೆ.

ಬೆಳಕು ಜಾಸ್ತಿ. ಕಿಟಕಿಗೆ ಹಳೇ ಚುನಾವಣೆಯ ಬ್ಯಾನರು ಬಿಗಿದೆವು,
ಕೈ ಮುಗಿದವರ ಮುಖ ಹೊರಕ್ಕೆ ಮಾಡಿ.
ನನ್ನ ಮೊಬೈಲಿನ ಇಂಟರ್ನೆಟ್ಟು, ಗೋಡೆಯ ಮೇಲೆ ಉಪಗ್ರಹ ಚಿತ್ರ,
ಕೆಳಗೆ ವರ್ಷಗಳ ಪಟ್ಟಿ, ಅದರ ಮೇಲೊಂದು ಬಿಳಿ ಗುಂಡಿ.
ಬಲಕ್ಕೆ ಎಳೆದರೆ ಇವತ್ತು: ಸೆಕ್ಟರು, ಸೆಕ್ಟರು, ಅಳೆದು ಕೊರೆದ ರಸ್ತೆ.
ಎಡಕ್ಕೆ ಎಳೆದರೆ ಸೆಕ್ಟರೆಲ್ಲ ಎರಿಹೊಲ,
ಹಿನ್ನೀರು ಸರಿದು
ಹಳೇ ಬಾಗಲಕೋಟೆ.

ಮಕ್ಕಳು ಓಹೋ ಎಂದರು.
ಪಾಠಯೋಜನೆಯ ಖಾನೆಯಲ್ಲಿ ನಾನು ಮನಸ್ಸಿನಲ್ಲೇ
'ಪ್ರೇರಣೆ: ಉತ್ತಮ' ಎಂದು ತುಂಬಿಬಿಟ್ಟೆ.

ತಸ್ಲೀಮಾ ಬಾಗವಾನ ಎದ್ದಳು.
"ಟೀಚರ್, ನಮ್ಮ ಅಜ್ಜಿ ಮನಿ ತೋರಸ್ರಿ."
ದೊಡ್ಡದು ಮಾಡಿದೆ. ಇನ್ನೂ ದೊಡ್ಡದು ಮಾಡಿದೆ.
ಕಂದು ಚೌಕ, ಬೂದಿ ಚೌಕ, ಮತ್ತೊಂದು ಕಂದು.
ಒಂದು ಚೌಕವೆಂದರೆ ಮೂವತ್ತು ಮೀಟರು,
ಅದರೊಳಗೆ ನಾಲ್ಕಾರು ಮನೆ, ಒಂದು ಹಿಟ್ಟಿನ ಗಿರಣಿ,
ಕಟ್ಟೆಯ ಮೇಲೆ ಪಾಳಿಗಿಟ್ಟ ಜೋಳದ ಡಬ್ಬಿಗಳು.
"ಇಲ್ಲೇ ಎಲ್ಲೋ ಇರಬೇಕವಾ."
"ಈ ಫೋಟೋ ಯಾರು ತಗದಾರ್ರಿ?
ಅವರಿಗೂ ನೋಟೀಸ್ ಬಂದಿತ್ತೇನ್ರಿ?"

ಆಕರ ವಿಮರ್ಶೆ ಎಂಬ ಘಟಕವನ್ನು ಎರಡು ವಾರ ಓದಿದ್ದೆ,
ಯಾರು ಬರೆದರು, ಯಾರಿಗಾಗಿ, ಎಲ್ಲಿ ನಿಂತು.
ಒಂಬತ್ತನೇ ಇಯತ್ತೆ ಅದನ್ನು ಒಂದೇ ಉಸಿರಲ್ಲಿ ಕೇಳಿತು.

ನಮ್ಮ ಮನೆಗೂ ಬಂದಿತ್ತು ನೋಟೀಸು.
ತಲೆಬಾಗಿಲ ಚೌಕಟ್ಟಿಗೆ ಕೆಂಪು ನಂಬರು ಬರೆದು ಹೋಗಿದ್ದರು.
ಇಷ್ಟು ವರ್ಷ ಹರಪ್ಪದ ಒಳಚರಂಡಿಯನ್ನು
ಬೋರ್ಡಿನ ಮೇಲೆ ಎಷ್ಟು ಚೆಂದ ಬಿಡಿಸಿದೆ!
ನಮ್ಮ ಓಣಿಯ ಗಟಾರು ಒಮ್ಮೆಯೂ ಬಿಡಿಸಲಿಲ್ಲ.

ಉಪಕರಣವನ್ನು ಬೈಯಲು ಇದು ಒಳ್ಳೆಯ ಜಾಗ.
ಆದರೆ ಹಿಂದಿನ ಬೆಂಚಿನ ವಿಠೋಬಾ ಕಾಟವಾ,
ವರ್ಷವಿಡೀ ಬಾಯಿ ಬಿಡದವನು, ಬಂದು ಮೌಸು ಹಿಡಿದ.
ಇತ್ತೀಚಿನ, ಚೊಕ್ಕ ಚಿತ್ರಗಳಿಗೆ ಬಂದು
ತಿಂಗಳು ತಿಂಗಳು ಸರಿಸಿದ:
ನೀರು, ನೀರು, ನೀರು,
ಮೇ.
ನೀರು ಹಿಂದೆ ಸರಿದ ಕೆಸರಿನ ಮೇಲೆ ತೆಳ್ಳಗೆ, ಬೆಳ್ಳಗೆ
ಗೆರೆ. ಅದಕ್ಕೊಂದು ಅಡ್ಡ ಗೆರೆ.
"ಟೀಚರ್, ಇವು ಓಣಿ ಅದಾವ."

ಸೇತುವೆಯ ಮೇಲೆ ನೂರು ಸಲ ಬಸ್ಸಿನಲ್ಲಿ ಹೋಗಿದ್ದೇನೆ,
ನನಗೆ ಕಂಡಿರಲಿಲ್ಲ.

ಮರುದಿನ ತಸ್ಲೀಮಾ ವಿಡಿಯೋ ತಂದಳು.
ಸೆಕ್ಟರಿನ ಸಿಮೆಂಟು ಮನೆಗೆ ಹಳೇ ಮನೆಯ ಚೌಕಟ್ಟು,
ಗಿಡ್ಡದು, ಎಲ್ಲರೂ ತಲೆ ಬಗ್ಗಿಸಿಯೇ ಒಳಗೆ.
ಹಸಿರು ಬಣ್ಣವನ್ನು ಉಗುರಿನಿಂದ ಕೆರೆದರೆ ಕೆಂಪು, ಒಂದು ಏಳು.
ಅಜ್ಜಿಯನ್ನು ಕೇಳಿದ್ದಾಳೆ: ಇದರ ಇತಿಹಾಸ ಹೇಳ.
ಅಜ್ಜಿ: "ಅಗಳಿ ಸಡ್ಲ ಆಗೇತಿ, ಮೊದಲ ಅದನ್ನ ಬರಕೋ."

ಇಷ್ಟನ್ನೂ ಬರೆದು ಕೊಟ್ಟೆ. ಹದಿಮೂರು ಅಂಕ.
ಅಂಚಿನಲ್ಲಿ ಸರ್ ಟಿಪ್ಪಣಿ: ಕಲಿಕಾಫಲ ಅಳೆಯುವಂತಿಲ್ಲ.
ಇರಬಹುದು.

ರಾತ್ರಿ ಪಾತ್ರೆ ತೊಳೆದಿಟ್ಟು
ಮೊಬೈಲಿನಲ್ಲಿ ಮತ್ತೆ ಮೇ ತಿಂಗಳಿಗೆ ಹೋದೆ,
ಅಡ್ಡ ಗೆರೆಯಿಂದ ಎಣಿಸುತ್ತ ಬಂದು ಗಿರಣಿಯ ಹತ್ತಿರ ತಡವರಿಸಿದೆ.
ಅಣ್ಣನಿಗೆ ಫೋನು ಹಚ್ಚಿದೆ:
ಗಿರಣಿಯಿಂದ ನಮ್ಮದು ಮೂರನೇ ಮನಿಯೋ, ನಾಲ್ಕನೇದೋ?
ನಾಲ್ಕು, ಅಂದ.
ಅಕ್ಕ ಮೂರು ಅಂದಳು, ಆಣೆ ಮಾಡಿ.
ಎರಡನ್ನೂ ಬರೆದುಕೊಂಡಿದ್ದೇನೆ.