ನಾಲ್ಕು ಐವತ್ತೆರಡು

ಪಂಚನಾಮೆಗೆ ಸರ್ಕಾರಿ ನೌಕರನೇ ಬೇಕಂತೆ.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ತೂಕದ ಗುಮಾಸ್ತ ನಾನು,
ಆ ಗಲ್ಲಿಗೆ ನನ್ನ ಮನೆಯೇ ಹತ್ತಿರ.
ಬಾಗಿಲು ಬಡಿದಾಗ ಒಂದು ಕಾಲಿಗಷ್ಟೇ ಚಪ್ಪಲಿ ಸಿಕ್ಕಿತು.

ಸಿಬ್ಗತನ ಶೆಡ್ಡಿನ ತುಂಬ ಟಾರ್ಚುಗಳು.
ಬಾಣಲೆಯಲ್ಲಿ ನಿನ್ನೆಯ ನೀರು, ಬೆಂದ ಹುಳುವಿನ ವಾಸನೆ.
ನಮ್ಮೂರಿನವರಿಗೆ ಅದು ವಾಸನೆಯೇ ಅಲ್ಲ,
ಹೊರಗಿಂದ ಬಂದ ಪೊಲೀಸರು ಮೂಗಿಗೆ ಕರ್ಚೀಫು ಹಿಡಿದಿದ್ದರು.

ರೈಟರ್ ಬರೆಯುತ್ತ ಹೋದ:
ಟೈಮರ್ ಒಂದು. ಕೆಂಪು ವೈರು, ಮೂರು ಮೀಟರ್.
ಬಿಳಿ ಪುಡಿ, ಡಬ್ಬಿಯಲ್ಲಿ, ಅನುಮಾನಾಸ್ಪದ.
"ಸ್ವಾಮಿ, ಅದು ಸೋಡಾ, ಗೂಡು ಬೇಯ್ಸೋಕೆ ಹಾಕ್ತಾರೆ."
"ಲ್ಯಾಬು ಹೇಳುತ್ತೆ, ನೀವು ಹೇಳಬೇಡಿ."
ಅದೂ ಸರಿಯೇ. ಲ್ಯಾಬೇ ಹೇಳಲಿ.

ಇನ್ಸ್‌ಪೆಕ್ಟರ್ ತಿಪ್ಪೇಸ್ವಾಮಿಯ ಕಣ್ಣಲ್ಲಿ ಮೂರು ರಾತ್ರಿಯ ಕೆಂಪು.
ಎಂದೋ, ಯಾವುದೋ ಬಸ್ ಸ್ಟ್ಯಾಂಡಿನಲ್ಲಿ
ಮಗುವಿನ ಬೂಟೊಂದನ್ನು ಎತ್ತಿಕೊಂಡಿದ್ದರಂತೆ.
ಬೂಟು ಖಾಲಿ ಇರಲಿಲ್ಲವಂತೆ.
"ಎಳೆ ಸಿಕ್ಕಿದೆ ರೀ, ಈ ಸಲ ಬಿಡಲ್ಲ" ಎಂದರು.
ಎಳೆ ಹುಡುಕುವುದು ನಮ್ಮೂರಿಗೆ ಗೊತ್ತು,
ಕುದಿನೀರಿಗೆ ಕೈಯಿಟ್ಟೇ ಹುಡುಕಬೇಕು.
ನಮ್ಮಲ್ಲಿ ಬೇಯುವುದು ಹುಡುಕುವವರದೇ ಬೆರಳು.

ಸಿಬ್ಗತ್ ಮಾಡಿದ್ದಾನೋ ಇಲ್ಲವೋ, ನನಗೆ ಗೊತ್ತಿಲ್ಲ.
ಲಾಟಿನ ತೂಕ ಹೇಳಬಲ್ಲೆ, ಗ್ರಾಂ ಬಿಡದೆ. ಅವನದು ಹೇಳಲಾರೆ.
ಒಮ್ಮೆ ಮೂರು ಕೆಜಿ ಹೆಚ್ಚು ಬರೆದೆನೆಂದು ಜಗಳಕ್ಕೆ ಬಂದವ,
ತಪ್ಪು ಒಪ್ಪಿಕೊಂಡ ಮೇಲೆ ಚಹಾ ಕುಡಿಸಿದವ.
ಅವನ ತಾಯಿ ಜುಲೇಖಾಬಿ ಸ್ವೆಟರ್ ತಂದು
ಯಾರ ಕೈಗೆ ಕೊಡಬೇಕೋ ತಿಳಿಯದೆ ನನ್ನ ಕೈಗಿಟ್ಟರು.

ಹಾಳೆ ನನ್ನ ಮುಂದೆ ಬಂತು. ಸಹಿಯ ಜಾಗಕ್ಕೆ ಪೆನ್ಸಿಲಿನ ಗುರುತು.
ಮೇಲೆ, ದಸ್ತಗಿರಿಯ ಸಮಯ: ಖಾಲಿ.
"ಆಮೇಲೆ ತುಂಬ್ತೀವಿ."
ಇಪ್ಪತ್ತನಾಲ್ಕು ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಲಿಸಬೇಕು.
ಮೊದಲ ಗಂಟೆಯೇ ಶುರುವಾಗದಿದ್ದರೆ
ಇಪ್ಪತ್ತನಾಲ್ಕನೆಯದು ಯಾವಾಗ?

ಕೈ ನಡುಗಿತು. ಚಳಿಗೆ ಎಂದೇ ಇಟ್ಟುಕೊಳ್ಳಿ.
ಗೋಡೆಯ ಗಡಿಯಾರ ನೋಡಿ ಬರೆದೆ: 4.52. ಆಮೇಲೆ ಸಹಿ.
ತಿಪ್ಪೇಸ್ವಾಮಿ ಹಾಳೆ ನೋಡಿದರು, ನನ್ನನ್ನು ನೋಡಿದರು,
ಗಡಿಯಾರ ನೋಡಿದರು.
"ಅದು ಎರಡು ನಿಮಿಷ ಮುಂದಿದೆ" ಎಂದರು, ಅಷ್ಟೇ.
ಸ್ವೆಟರ್ ಇಸಿದುಕೊಂಡು ಜೀಪು ಹತ್ತಿದರು.

ಏಳೂವರೆಗೆ ಮಗಳು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು.
ಹಿಂದೆಯೇ ಹತ್ತಿ ಅವಳ ಸೀಟಿನ ಕೆಳಗೆ ಬಗ್ಗಿ ನೋಡಿದೆ.
ಒಂದು ಟಿಫಿನ್ ಕ್ಯಾರಿಯರ್.
"ಯಾರದಿದು?" ಎಂದೆ, ಬೇಕಾದ್ದಕ್ಕಿಂತ ಜೋರಾಗಿ.
ಹಿಂದಿನ ಸೀಟಿನ ಹುಡುಗನೊಬ್ಬ
ಕಾಪಿ ಹೊಡೆದು ಸಿಕ್ಕಿಬಿದ್ದವನಂತೆ ಎದ್ದು ನಿಂತ.